ಸಾಕುಮೊಲದ ಅಂಗಾಲ ಹುಣ್ಣು, ಮೂತ್ರದ ಉರಿ: ಮದ್ದಿಗಿಂತ ಮೊದಲು ನೆಲವನ್ನು ನೋಡಿ

ಮಕ್ಕಳಿರುವ ಮನೆಯಲ್ಲಿ ಮೊಲವೊಂದು ಇದ್ದರೆ ಆ ಮನೆಯ ಸಂಭ್ರಮವೇ ಬೇರೆ. ಬೊಗಳದ, ಕೂಗದ, ಯಾರಿಗೂ ಕೇಡು ಬಗೆಯದ ಈ ಸಾಧುಪ್ರಾಣಿ ಹಿರಿಯರ ಮನಸ್ಸನ್ನೂ ಬೇಗನೆ ಗೆಲ್ಲುತ್ತದೆ. ಸಂತೆಯಲ್ಲಿಯೋ ಪಟ್ಟಣದ ಅಂಗಡಿಯಲ್ಲಿಯೋ ಬಿಳಿಯ ಮರಿಯನ್ನು ಕಂಡು ಮಕ್ಕಳು ಹಟ ಹಿಡಿದರೆ ತಂದೆತಾಯಿಯರು ಇಲ್ಲವೆನ್ನಲಾರರು. ಮರಿಯನ್ನು ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಇದು ಏನು ತಿನ್ನುತ್ತದೆ?” “ಇದು ಯಾವುದರ ಮೇಲೆ ಕುಳಿತುಕೊಳ್ಳಬೇಕು?” ಎಂದು ಕೇಳುವವರು ವಿರಳ. ಕೇಳದೆ ಉಳಿದ ಈ ಎರಡನೆಯ ಪ್ರಶ್ನೆಯಿಂದಲೇ ಸಾಕುಮೊಲಗಳನ್ನು ಬಹುವಾಗಿ ಬಾಧಿಸುವ ಎರಡು ಕಾಯಿಲೆಗಳು ಹುಟ್ಟಿಕೊಳ್ಳುತ್ತವೆ. ಒಂದು, ಅಂಗಾಲಿನ ಹುಣ್ಣು. ಇನ್ನೊಂದು, ಮೂತ್ರ ತಗುಲಿ ಹಿಂಭಾಗದ ಚರ್ಮ ಸುಟ್ಟಂತಾಗುವ ಉರಿ. ಎರಡೂ ಸಣ್ಣ ಕಾಯಿಲೆಗಳಂತೆ ತೋರುತ್ತವೆ. ಅಲಕ್ಷಿಸಿದರೆ ಎರಡೂ ಪ್ರಾಣಕ್ಕೆ ಎರವಾಗಬಲ್ಲವು.

ಪೊದೆಯ ಮೊಲ, ಮನೆಯ ಮೊಲ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಸುತ್ತಮುತ್ತಲಿನವರಿಗೆ ಮೊಲ ಹೊಸ ಪ್ರಾಣಿಯೇನಲ್ಲ. 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾದ ಇಲ್ಲಿನ ಕುರುಚಲು ಕಾಡಿನ ಅಂಚಿನಲ್ಲಿ, ಮುಸ್ಸಂಜೆಯ ಹೊತ್ತು ಹೊಲದ ಬದುವಿನಿಂದ ಚಂಗನೆ ಹಾರಿ ಮರೆಯಾಗುವ ಕಂದುಬಣ್ಣದ ಮೊಲವನ್ನು ನೋಡದವರು ಕಡಿಮೆ. ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯುಳ್ಳ ಈ ಕಾಡುಮೊಲಕ್ಕೂ ನಾವು ಪಂಜರದಲ್ಲಿ ಸಾಕುವ ಬಿಳಿಮೊಲಕ್ಕೂ ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ತುಪ್ಪಳ ಹೊತ್ತು, ಕಣ್ಣು ತೆರೆದುಕೊಂಡಿರುತ್ತದೆ. ಸಾಕುಮೊಲದ ಮರಿ ರೋಮವಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಇದರ ಮೂಲ ಪುರುಷರು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಹುಲ್ಲುಗಾವಲುಗಳಲ್ಲಿ ಬಿಲ ತೋಡಿಕೊಂಡು ಬಾಳುತ್ತಿದ್ದವು.

ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರುವ ಅಭ್ಯಾಸ ಕೆಲವೆಡೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಪೊದೆಯ ಬುಡದಲ್ಲಿ ಒಂಟಿಯಾಗಿ ಕುಳಿತ ಮರಿ ತಬ್ಬಲಿಯೂ ಅಲ್ಲ. ತಾಯಿ ದೂರದಲ್ಲಿದ್ದು ಹೊತ್ತಿಗೆ ಸರಿಯಾಗಿ ಬಂದು ಹಾಲೂಡಿ ಹೋಗುತ್ತದೆ. ಅದನ್ನು ಇದ್ದಲ್ಲಿಯೇ ಬಿಡುವುದು ಲೇಸು. ಈ ಲೇಖನದ ಮಾತುಗಳೆಲ್ಲ ಸಾಕುಮೊಲಕ್ಕೆ ಸಂಬಂಧಿಸಿದವು. ಆದರೂ ಕಾಡುಮೊಲವನ್ನು ಇಲ್ಲಿ ನೆನೆಯಲು ಕಾರಣವಿದೆ. ಮೊಲದ ಕಾಲು ಯಾವ ನೆಲಕ್ಕಾಗಿ ರೂಪುಗೊಂಡಿದೆ ಎಂಬುದನ್ನು ಪಾಠ ಹೇಳಿದಂತೆ ತೋರಿಸಿಕೊಡುವುದು ಆ ಬಯಲೇ.

ಪಾದದ ರಚನೆಯೇ ಬೇರೆ

ನಾಯಿ, ಬೆಕ್ಕುಗಳ ಪಾದದಡಿಯಲ್ಲಿ ದಪ್ಪ ಚರ್ಮದ ಮೆತ್ತೆಗಳಿರುತ್ತವೆ. ಕಲ್ಲಿನ ಮೇಲೆ ನಡೆದರೂ ಅವಕ್ಕೆ ಬಾಧೆಯಿಲ್ಲ. ಮೊಲದ ಪಾದಕ್ಕೆ ಅಂಥ ಮೆತ್ತೆಯಿಲ್ಲ. ತೆಳುವಾದ ಚರ್ಮ, ಅದರಡಿಯಲ್ಲಿ ನೇರವಾಗಿ ಮೂಳೆ ಮತ್ತು ಸ್ನಾಯುರಜ್ಜು. ಮೇಲೆ ಒತ್ತಾದ ತುಪ್ಪಳ. ಆ ತುಪ್ಪಳವೇ ಅದರ ಪಾದರಕ್ಷೆ.

ಮಣ್ಣಿನ ಅಥವಾ ಹುಲ್ಲಿನ ನೆಲದ ಮೇಲೆ ಮೊಲ ನಿಂತಾಗ ಅದರ ಉಗುರುಗಳು ನೆಲದೊಳಕ್ಕೆ ಸ್ವಲ್ಪ ಇಳಿಯುತ್ತವೆ. ಮೈಭಾರ ಬೆರಳುಗಳಿಗೂ ಪಾದಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಸಿಮೆಂಟು, ಹಾಸುಗಲ್ಲು, ಟೈಲ್ಸ್ ಅಥವಾ ಹಲಗೆಯ ಮೇಲೆ ಉಗುರು ಇಳಿಯಲಾರದು. ಆಗ ಬೆರಳುಗಳು ಮೇಲಕ್ಕೆತ್ತಿಕೊಂಡು ಭಾರವೆಲ್ಲ ಹಿಂದಕ್ಕೆ ಸರಿದು ಹಿಮ್ಮಡಿಯ ಮೇಲೆ ಬೀಳುತ್ತದೆ. ತಂತಿ ಜಾಲರಿಯ ಮೇಲಾದರೋ ಇನ್ನೂ ಕಷ್ಟ: ಇಡೀ ದೇಹದ ಭಾರ ಒಂದೆರಡು ಎಳೆ ತಂತಿಗಳ ಮೇಲೆ ನಿಲ್ಲುತ್ತದೆ. ಒತ್ತಡ ಬಿದ್ದ ಜಾಗಕ್ಕೆ ರಕ್ತದ ಹರಿವು ತಗ್ಗುತ್ತದೆ, ತುಪ್ಪಳ ಸವೆಯುತ್ತದೆ, ಚರ್ಮ ಕೆಂಪಾಗುತ್ತದೆ, ಕೊನೆಗೆ ಒಡೆಯುತ್ತದೆ. ಹಾಸಿಗೆ ಹಿಡಿದ ರೋಗಿಯ ಬೆನ್ನಿನಲ್ಲಿ ಹುಣ್ಣಾಗುವುದೂ ಇದೇ ರೀತಿಯಲ್ಲಿ.

ಅಂಗಡಿಯವರು ತಂತಿಯ ತಳವಿರುವ ಪಂಜರವನ್ನೇ ಏಕೆ ಕೊಡುತ್ತಾರೆ? ಇದಕ್ಕೆ ಉತ್ತರ ಮೊಲ ಸಾಕಣೆಯ ಉದ್ಯಮದಲ್ಲಿದೆ. ನಮ್ಮ ದೇಶದಲ್ಲಿ ಮೊಲ ಸಾಕಣೆಯ ಸಂಶೋಧನೆ ನಡೆದಿರುವುದು ಹೆಚ್ಚಾಗಿ ಮಾಂಸ ಮತ್ತು ಉಣ್ಣೆಗಾಗಿ. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯೂ, ಕೊಡೈಕೆನಾಲ್ ಬೆಟ್ಟಸಾಲಿನ ಮನ್ನವನೂರಿನಲ್ಲಿರುವ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಈ ಕ್ಷೇತ್ರದಲ್ಲಿ ಹೆಸರಾದವು. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ಗ್ರೇ ಜೈಂಟ್ ಮೊದಲಾದ ತಳಿಗಳನ್ನು ಉದ್ಯಮದಲ್ಲಿ ತಂತಿ ತಳದ ಗೂಡುಗಳಲ್ಲಿ ಸಾಕುವುದುಂಟು. ಹಿಕ್ಕೆ, ಮೂತ್ರ ಕೆಳಗೆ ಬಿದ್ದು ಗೂಡು ಚೊಕ್ಕಟವಾಗಿರುತ್ತದೆ ಎಂಬುದು ಅದರ ಅನುಕೂಲ. ಆದರೆ ಮಾಂಸಕ್ಕೆಂದು ಬೆಳೆಸುವ ಮರಿ ಅಂಥ ಗೂಡಿನಲ್ಲಿರುವುದು ಕೆಲವೇ ತಿಂಗಳು. ಮನೆಯ ಮೊಲ ಎಂಟು ಹತ್ತು ವರ್ಷ ಬಾಳುವ ಜೀವಿ. ಕೆಲವು ತಿಂಗಳ ವಾಸಕ್ಕೆಂದು ಮಾಡಿದ ಗೂಡಿನಲ್ಲಿ ಅದು ತನ್ನ ಆಯುಷ್ಯವನ್ನೆಲ್ಲ ನೂಕಬೇಕೆಂದರೆ ಕಾಲು ಹೇಗೆ ತಾಳೀತು?

ಒಂದಕ್ಕೊಂದು ತಳುಕು ಹಾಕಿಕೊಂಡ ಕಾಯಿಲೆಗಳು

ಬಯಲುಸೀಮೆಯ ಯಾವುದೇ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹಿತ್ತಿಲ ಪಡಸಾಲೆಯಲ್ಲಿ ಒಂದು ಪಂಜರ. ಮಕ್ಕಳು ಶಾಲೆಗೆ ಹೋದ ಮೇಲೆ ಮೊಲ ದಿನವಿಡೀ ಅದರೊಳಗೇ. ದೊಡ್ಡವರು ಅಕ್ಕರೆಯಿಂದ ರಾಗಿರೊಟ್ಟಿಯ ತುಂಡು, ಕ್ಯಾರೆಟ್ಟು, ಕಡಲೆಕಾಯಿ ಹಿಂಡಿ ಹಾಕುತ್ತಾರೆ. ಓಡಾಟವಿಲ್ಲದೆ ಮೊಲಕ್ಕೆ ಬೊಜ್ಜು ಬರುತ್ತದೆ. ಭಾರ ಹೆಚ್ಚಿದಷ್ಟೂ ಹಿಮ್ಮಡಿ ನೋಯುತ್ತದೆ. ನೋವಿನಿಂದ ಅದು ಒಂದೇ ಮೂಲೆಯಲ್ಲಿ ಕುಳಿತುಬಿಡುತ್ತದೆ. ಆರೋಗ್ಯದ ಮೊಲ ಮೂತ್ರ ವಿಸರ್ಜಿಸುವಾಗ ಹಿಂಭಾಗವನ್ನು ಮೇಲೆತ್ತಿ, ದೂರಕ್ಕೆ ಬೀಳುವಂತೆ ಮಾಡುತ್ತದೆ. ಕಾಲು ನೋಯುವ ಮೊಲಕ್ಕೆ ಅದು ಸಾಧ್ಯವಾಗದು. ಮೂತ್ರ ಅದರ ತೊಡೆಗೂ ಕೆಳಹೊಟ್ಟೆಗೂ ತಗುಲಿ, ರೋಮ ಒದ್ದೆಯಾಗಿ, ಚರ್ಮ ಬೇಯುತ್ತದೆ. ಆ ಒದ್ದೆ ಅಂಗಾಲಿಗೆ ಇಳಿದು, ಮೊದಲೇ ಸವೆದಿದ್ದ ಚರ್ಮವನ್ನು ಇನ್ನಷ್ಟು ಮೆದುವಾಗಿಸಿ ಹುಣ್ಣನ್ನು ಆಳವಾಗಿಸುತ್ತದೆ. ಹುಣ್ಣು ಆಳವಾದಷ್ಟೂ ಚಲನೆ ಕಡಿಮೆ. ಚಲನೆ ಕಡಿಮೆಯಾದಷ್ಟೂ ಒದ್ದೆ ಹೆಚ್ಚು. ಹೀಗೆ ಎರಡು ಕಾಯಿಲೆಗಳು ಒಂದನ್ನೊಂದು ಪೋಷಿಸುತ್ತ ಸಾಗುತ್ತವೆ. ಆದುದರಿಂದ ಹುಣ್ಣಿಗೆ ಮುಲಾಮು ಹಚ್ಚಿ ಅದೇ ಒದ್ದೆ ಪಂಜರಕ್ಕೆ ಬಿಟ್ಟರೆ ಆ ಚಿಕಿತ್ಸೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಕಾಯಿಲೆಯನ್ನು ಗುರುತಿಸುವ ಬಗೆ

ಮೊಲ ಬೇಟೆಗೆ ಈಡಾಗುವ ಪ್ರಾಣಿ. ನೋವನ್ನು ತೋರಗೊಟ್ಟರೆ ಶತ್ರುವಿನ ಕಣ್ಣಿಗೆ ಬೀಳುತ್ತೇನೆಂಬ ಭಯ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಆದುದರಿಂದ ಅದು ಕುಂಟುವುದಕ್ಕೂ ಮೊದಲೇ ನಾವು ಕಂಡುಹಿಡಿಯಬೇಕು. ವಾರಕ್ಕೊಮ್ಮೆ, ಒಂದೇ ದಿನ ಗೊತ್ತುಮಾಡಿಕೊಂಡು, ಮನೆಯ ಇಬ್ಬರು ಸೇರಿ ಪರೀಕ್ಷಿಸುವುದು ಒಳ್ಳೆಯದು. ಒಬ್ಬರು ನೆಲದ ಮೇಲೆ ಕುಳಿತು ಮೊಲವನ್ನು ತೊಡೆಯ ಮೇಲಿರಿಸಿಕೊಂಡು, ಒಂದು ಕೈ ಎದೆಯಡಿಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ ಕೊಡಬೇಕು. ಇನ್ನೊಬ್ಬರು ಒಂದೊಂದೇ ಪಾದವನ್ನು ಮೆಲ್ಲನೆ ಎತ್ತಿ ನೋಡಬೇಕು. ಕಿವಿ ಹಿಡಿದು ಎತ್ತಕೂಡದು. ಹಿಂಭಾಗಕ್ಕೆ ಆಸರೆಯಿಲ್ಲದಾಗ ಮೊಲ ಬಲವಾಗಿ ಒದೆದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವುದುಂಟು.

ದೊಡ್ಡ ತಳಿಯ ಮೊಲಗಳ ಹಿಮ್ಮಡಿಯಲ್ಲಿ ರೋಮವಿಲ್ಲದ, ಒಣಗಿದ, ಜಡ್ಡುಗಟ್ಟಿದ ಸಣ್ಣ ಜಾಗ ಇರಬಹುದು. ಸುತ್ತಲಿನ ರೋಮ ಅದನ್ನು ಮುಚ್ಚಿಕೊಂಡಿದ್ದರೆ ಗಾಬರಿಯಿಲ್ಲ. ಆ ಜಾಗ ಕೆಂಪಾಗಿದ್ದರೆ, ಮುಟ್ಟಿದಾಗ ಬಿಸಿಯಾಗಿದ್ದರೆ, ಕಾಲು ಎಳೆದುಕೊಂಡರೆ ಕಾಯಿಲೆ ಆರಂಭವಾಗಿದೆಯೆಂದು ತಿಳಿಯಬೇಕು. ಚರ್ಮ ಒಡೆದು ಹಕ್ಕಳೆಗಟ್ಟಿದ್ದರೆ ಎರಡನೆಯ ಹಂತ. ಊತ, ಕೀವು, ದುರ್ವಾಸನೆ ಕಂಡರೆ ಸೋಂಕು ಆಳಕ್ಕಿಳಿದಿದೆ. ಮುಂದೆ ಅದು ಸ್ನಾಯುರಜ್ಜು, ಮೂಳೆಗಳನ್ನು ಮುಟ್ಟಿದರೆ ಗುಣವಾಗುವುದು ಬಹಳ ಕಷ್ಟ. ರೆಕ್ಸ್ ತಳಿಯ ಮೊಲಗಳ ಪಾದದ ರೋಮ ಹುಟ್ಟಿನಿಂದಲೇ ತೆಳು. ಅವುಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ಕಜ್ಜಿಯನ್ನು ಅಂಗಾಲ ಹುಣ್ಣೆಂದು ಭ್ರಮಿಸುವುದೂ ಉಂಟು. ಕಜ್ಜಿಯಾದರೆ ಬೆರಳುಗಳ ಸುತ್ತ, ಮೂಗಿನ ತುದಿ, ಕಿವಿಯ ಅಂಚುಗಳಲ್ಲಿಯೂ ಬೂದುಬಣ್ಣದ ಹಕ್ಕಳೆ ಕಾಣುತ್ತದೆ, ತುರಿಕೆ ವಿಪರೀತ. ಅದು ಸೂಕ್ಷ್ಮ ಕೀಟದಿಂದ ಬರುವ ಬೇರೆ ರೋಗ. ಮುಟ್ಟಿದವರ ಕೈಗೂ ತಗುಲಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಲೇಬೇಕು.

ಮೂತ್ರದ ಉರಿಯ ಲಕ್ಷಣಗಳು ಸುಲಭವಾಗಿ ತಿಳಿಯುತ್ತವೆ. ಬಾಲದ ಕೆಳಗೆ, ತೊಡೆಯ ಒಳಬದಿಯಲ್ಲಿ ರೋಮ ಹಳದಿಗಟ್ಟಿ ಅಂಟಿಕೊಂಡಿರುತ್ತದೆ. ಘಾಟು ವಾಸನೆ ಬರುತ್ತದೆ. ರೋಮ ಉದುರಿ ಕೆಂಪು ಚರ್ಮ ತೋರುತ್ತದೆ.

ಅಂಗಾಲ ಹುಣ್ಣಿಗೆ ಉಪಚಾರ

ಮೊದಲ ಉಪಚಾರ ಕಾಲಿಗಲ್ಲ, ಪಂಜರದ ತಳಕ್ಕೆ. ತಂತಿಯ ತಳವಿದ್ದರೆ ಅಂದೇ ಅದರ ಮೇಲೆ ಹಲಗೆ ಅಥವಾ ದಪ್ಪ ರಟ್ಟು ಮುಚ್ಚಿ, ಅದರ ಮೇಲೆ ನಾಲ್ಕು ಬೆರಳು ಎತ್ತರಕ್ಕೆ ಒಣಹುಲ್ಲು ಹಾಸಬೇಕು. ನಮ್ಮ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ಭತ್ತದ ಹುಲ್ಲು, ರಾಗಿಹುಲ್ಲು ಎರಡೂ ಆಗಬಹುದು. ಗಟ್ಟಿ ಕೂಳೆಯನ್ನು ಆಯ್ದು ತೆಗೆದು, ಬಿಸಿಲಿಗೆ ಹಾಕಿ, ಕೊಡವಿ ಹಾಸಬೇಕು. ಹುಲ್ಲಿನ ಕೆಳಗೆ ಹಳೆಯ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದರೆ ಮೂತ್ರ ಹೀರಿಕೊಳ್ಳುತ್ತದೆ. ಮೊಲ ಬಟ್ಟೆಯನ್ನು ಕಡಿದು ನುಂಗುವ ಸ್ವಭಾವದ್ದಾದರೆ ಬಟ್ಟೆ ಬೇಡ. ಹಳೆಯ ಕಂಬಳಿಯ ಎಳೆಗಳೂ ಹೊಟ್ಟೆಯಲ್ಲಿ ಗಂಟಾಗುವ ಅಪಾಯವಿದೆ.

ಶಿರಾ, ಪಾವಗಡ, ಮಧುಗಿರಿಗಳ ಕಡೆ ಕಡಲೆಕಾಯಿ ಸಿಪ್ಪೆ ಧಾರಾಳವಾಗಿ ಸಿಗುತ್ತದೆ. ಅದನ್ನು ಹಾಸುವುದು ಯುಕ್ತವಲ್ಲ. ಒರಟಾದ ಅಂಚು ಪಾದವನ್ನು ಚುಚ್ಚುತ್ತದೆ. ಜತೆಗೆ ತೇವ ತಗುಲಿದ ಕಡಲೆಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನುಂಟುಮಾಡುತ್ತದೆ. ಆ ವಿಷಕ್ಕೆ ಬಹುಬೇಗ ಬಲಿಯಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು. ಬೂಷ್ಟು ಹಿಡಿದ ಹಿಂಡಿಯ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ.

ಒದ್ದೆಯಾದ ಹುಲ್ಲನ್ನು ದಿನಕ್ಕೆರಡು ಬಾರಿ ತೆಗೆದು ಹೊಸದು ಹಾಕಬೇಕು. ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಆ ಮೂಲೆಯಲ್ಲಿ ಅಗಲವಾದ ತಟ್ಟೆಯೊಂದನ್ನಿಟ್ಟು, ಅದರಲ್ಲಿ ಹುಲ್ಲು ತುಂಬಿ, ಒಂದೆರಡು ಹಿಕ್ಕೆ ಹಾಕಿಟ್ಟರೆ ಅಲ್ಲಿಯೇ ಹೋಗಲು ಕಲಿಯುತ್ತದೆ. ತಳದಲ್ಲಿ ಕಟ್ಟುವ ಬಿಳಿಯ ಸುಣ್ಣದಂಥ ಕರೆಯನ್ನು ವಿನೆಗರ್ ಬೆರೆಸಿದ ನೀರಿನಿಂದ ಉಜ್ಜಿ, ತೊಳೆದು, ಬಿಸಿಲಿನಲ್ಲಿ ಒಣಗಿಸಬೇಕು. ಫಿನಾಯಿಲ್ ಬಳಸಕೂಡದು.

ಇನ್ನು ಕಾಲಿನ ವಿಚಾರ. ಚರ್ಮ ಕೆಂಪಾಗಿದ್ದು ಒಡೆಯದಿದ್ದರೆ ನೆಲ ಬದಲಾಯಿಸಿ, ಒಣಗಿರುವಂತೆ ನೋಡಿಕೊಂಡರೆ ಬಹುಮಟ್ಟಿಗೆ ಅದೇ ಸಾಕು. ಒಡೆದಿದ್ದರೆ, ಅರ್ಧ ಲೀಟರು ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟಸವಾದ ಟೀ ಚಮಚ ಉಪ್ಪು ಕರಗಿಸಿ, ಶುದ್ಧವಾದ ಹತ್ತಿಬಟ್ಟೆಯಿಂದ ಮೆಲ್ಲನೆ ತೊಳೆಯಬೇಕು. ಪೋವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಉಪಯೋಗಿಸಬಹುದು. ಹಕ್ಕಳೆಯನ್ನು ಕಿತ್ತು ತೆಗೆಯಬಾರದು. ತೊಳೆದ ಮೇಲೆ ಪೂರ್ತಿಯಾಗಿ ಒತ್ತಿ ಒರೆಸಬೇಕು. ಪಾದದ ಸುತ್ತಲಿನ ರೋಮವನ್ನು ಕತ್ತರಿಸಬಾರದು. ಉಳಿದಿರುವ ರಕ್ಷೆಯೇ ಅದು. ಮನೆಯಲ್ಲಿಯೇ ಬಟ್ಟೆ ಸುತ್ತಿ ಕಟ್ಟುವುದೂ ಬೇಡ. ಬಿಗಿಯಾದರೆ ರಕ್ತ ನಿಲ್ಲುತ್ತದೆ, ಒದ್ದೆಯಾದರೆ ಹುಣ್ಣು ಕೊಳೆಯುತ್ತದೆ. ಪಟ್ಟಿ ಬೇಕಿದ್ದರೆ ಪಶುವೈದ್ಯರೇ ಕಟ್ಟಬೇಕು. ಕೀವು, ಊತ ಕಂಡರೆ ವೈದ್ಯರಲ್ಲಿಗೆ ಹೋಗಲು ತಡಮಾಡಕೂಡದು.

ಉಗುರು ಉದ್ದ ಬೆಳೆದರೆ ಬೆರಳುಗಳು ಮೇಲೆದ್ದು ಭಾರ ಹಿಮ್ಮಡಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಅಥವಾ ಒಂದೂವರೆ ತಿಂಗಳಿಗೊಮ್ಮೆ ತುದಿಯನ್ನಷ್ಟೇ ಕತ್ತರಿಸಬೇಕು. ಬಿಳಿಯ ಉಗುರಿನೊಳಗೆ ಗುಲಾಬಿ ಬಣ್ಣದ ರಕ್ತನಾಳ ಕಾಣುತ್ತದೆ, ಅದಕ್ಕೆ ತಗುಲಿಸಬಾರದು. ಮೇಲೆ ಹೇಳಿದ ಎಲ್ಲವನ್ನೂ ಮಾಡಿದರೂ ಹುಣ್ಣು ಮಾಯಲು ವಾರಗಳೇ ಬೇಕು. ಆಳದ ಹುಣ್ಣಾದರೆ ತಿಂಗಳುಗಳೇ ಹಿಡಿಯುತ್ತವೆ. ನಡುವೆ ಬೇಸರಿಸಿ ಹಳೆಯ ಪಂಜರಕ್ಕೆ ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಮೂತ್ರದ ಉರಿಗೆ ಉಪಚಾರ

ಒದ್ದೆಯಾದ ಭಾಗವನ್ನಷ್ಟೇ ತೊಳೆಯಬೇಕು. ಮೊಲಕ್ಕೆ ಪೂರ್ಣ ಸ್ನಾನ ಮಾಡಿಸುವುದು ಅಪಾಯ. ಗಾಬರಿಯಿಂದಲೂ ಮೈ ತಣಿಯುವುದರಿಂದಲೂ ಅದು ಕುಸಿದುಬೀಳಬಹುದು. ಅಗಲವಾದ ಬೋಗುಣಿಯಲ್ಲಿ ಎರಡು ಮೂರು ಬೆರಳು ಎತ್ತರಕ್ಕೆ ಉಗುರುಬೆಚ್ಚನೆಯ ನೀರು ಹಾಕಿ, ತಳದಲ್ಲಿ ಬಟ್ಟೆ ಹಾಸಿ, ಮೊಲದ ಹಿಂಭಾಗವನ್ನು ಅದರಲ್ಲಿರಿಸಿ ಕೈಯಿಂದ ಮೆಲ್ಲನೆ ತೊಳೆಯಬೇಕು. ಸೋಪು ಬೇಡ. ಆಮೇಲೆ ಒಣಬಟ್ಟೆಗಳಿಂದ ಒತ್ತಿ ಒತ್ತಿ, ರೋಮದ ಬುಡದವರೆಗೂ ಒಣಗಿಸಬೇಕು. ಕೆಲಸದಲ್ಲಿ ಇದೇ ಮುಖ್ಯ ಭಾಗ. ಅಂಟಿಕೊಂಡ ರೋಮದ ಗಂಟುಗಳನ್ನು ಎಳೆಯಬಾರದು. ಮೊಲದ ಚರ್ಮ ಕಾಗದದಂತೆ ಹರಿಯುತ್ತದೆ. ಮೊಂಡು ತುದಿಯ ಕತ್ತರಿಯಿಂದ ಸ್ವಲ್ಪಸ್ವಲ್ಪವೇ ಕತ್ತರಿಸಬೇಕು. ಚರ್ಮ ಒಡೆಯದಿದ್ದಲ್ಲಿ, ಕಾರ್ನ್‌ಫ್ಲೋರ್ ಎಂದು ಅಂಗಡಿಯಲ್ಲಿ ದೊರೆಯುವ ಮೆಕ್ಕೆಜೋಳದ ಪಿಷ್ಟವನ್ನು ತೆಳ್ಳಗೆ ಉದುರಿಸಬಹುದು. ಮಕ್ಕಳ ಪೌಡರು ಬೇಡ. ಅದರ ಧೂಳು ಮೊಲದ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇಷ್ಟು ಮಾಡಿದರೆ ಉರಿ ಶಮನವಾಗುತ್ತದೆ. ಆದರೆ ಪಂಜರ ಶುಚಿಯಾಗಿದ್ದೂ ಮೊಲ ಪದೇ ಪದೇ ಒದ್ದೆಯಾಗುತ್ತಿದ್ದರೆ ಕಾರಣ ಒಳಗಿದೆ. ಮೂತ್ರಕೋಶದ ಸೋಂಕು, ಅದರಲ್ಲಿ ಸುಣ್ಣದ ಕೆಸರು ಅಥವಾ ಕಲ್ಲು, ಮುಪ್ಪಿನ ಕೀಲುನೋವು, ಬೆನ್ನಿನ ಪೆಟ್ಟು, ನರಗಳಿಗೂ ಮೂತ್ರಪಿಂಡಕ್ಕೂ ತಗಲುವ ಸೂಕ್ಷ್ಮ ಪರೋಪಜೀವಿ, ಇವುಗಳಲ್ಲಿ ಯಾವುದೆಂದು ವೈದ್ಯರೇ ಹೇಳಬೇಕು.

ಇಲ್ಲಿ ಮೊಲದ ದೇಹದ ಒಂದು ವಿಶೇಷವನ್ನು ತಿಳಿದಿರಬೇಕು. ಇತರ ಬಹುತೇಕ ಸಸ್ತನಿಗಳ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಅನ್ನು ಮಾತ್ರ ಹೀರಿಕೊಳ್ಳುತ್ತದೆ. ಮೊಲದ ಕರುಳು ಆಹಾರದಲ್ಲಿದ್ದಷ್ಟನ್ನೂ ಹೆಚ್ಚಾಗಿ ಹೀರಿಕೊಂಡು, ಮಿಕ್ಕಿದ್ದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಆದುದರಿಂದ ಮೊಲದ ಮೂತ್ರ ಸ್ವಲ್ಪ ಮಸುಕಾಗಿರುವುದು ಸಹಜ. ತಿಂದ ಸೊಪ್ಪಿನ ವರ್ಣದ್ರವ್ಯದಿಂದ ಕೆಂಪಾಗಿ ಕಾಣುವುದೂ ಉಂಟು. ಆದರೆ ಅದು ಕಲಸಿದ ಸುಣ್ಣದಂತೆ ಗಟ್ಟಿಯಾಗಿ, ಒಣಗಿದ ಮೇಲೆ ಮರಳಿನಂತೆ ಉಳಿದರೆ, ಅಥವಾ ಮೊಲ ಮೂತ್ರಕ್ಕೆ ಮುಕ್ಕರಿದರೆ, ಅದು ರೋಗದ ಕುರುಹು. ರಕ್ತದ ಸಂಶಯವಿದ್ದರೂ ಪರೀಕ್ಷೆ ಮಾಡಿಸಬೇಕು.

ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿದ ಕ್ಯಾಲ್ಸಿಯಂ ಇದೆ. ನಮ್ಮ ಮೂಳೆಗಳಿಗೆ ಅದು ವರ. ಮೊಲದ ಮೂತ್ರಕೋಶಕ್ಕೆ ಹೊರೆ. ರಾಗಿರೊಟ್ಟಿ, ಮುದ್ದೆಗಳ ಪಿಷ್ಟದಿಂದ ಬೊಜ್ಜೂ ಬೆಳೆಯುತ್ತದೆ. ನುಗ್ಗೆಸೊಪ್ಪು, ಅಗಸೆಸೊಪ್ಪು, ಕುದುರೆ ಮಸಾಲೆ ಸೊಪ್ಪುಗಳಲ್ಲಿಯೂ ಸುಣ್ಣದಂಶ ಅಧಿಕ. ಬೆಳೆದ ಮೊಲಕ್ಕೆ ಅವುಗಳನ್ನು ದಿನವೂ ಹಾಕಬಾರದು. ಗರಿಕೆ, ಇತರ ಹಸಿಹುಲ್ಲು, ಒಣಹುಲ್ಲು, ಇವೇ ಅದರ ಊಟದ ಬಹುಭಾಗವಾಗಿರಬೇಕು. ಕೊತ್ತಂಬರಿಯಂಥ ಸೊಪ್ಪು ಒಂದು ಹಿಡಿ. ಕ್ಯಾರೆಟ್ಟು, ಹಣ್ಣು ಎಂದಾದರೊಮ್ಮೆ ಒಂದು ಚೂರು. ಹೊಲದಂಚಿನ ಹುಲ್ಲು ತರುವಾಗ ಕೀಟನಾಶಕ ಸಿಂಪಡಿಸಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನೀರಿನ ವಿಷಯವೂ ಅಷ್ಟೇ ಮುಖ್ಯ. ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರು ನೀರು ಮೊಲಕ್ಕೆ ಬೇಕು. ನೀರು ಕಡಿಮೆಯಾದರೆ ಮೂತ್ರ ದಪ್ಪವಾಗಿ ಕೆಸರು ಕೂಡುತ್ತದೆ. ನಮ್ಮ ಭಾಗದ ಕೊಳವೆಬಾವಿಗಳ ನೀರು ಗಡಸು, ಅನೇಕ ಕಡೆ ಫ್ಲೋರೈಡ್ ಅಂಶವೂ ಹೆಚ್ಚು. ಮನೆಯವರು ಕುಡಿಯುವ ಶುದ್ಧೀಕರಿಸಿದ ನೀರನ್ನೇ ಮೊಲಕ್ಕೂ ಕೊಡುವುದು ಉಚಿತ. ಮಗುಚಿ ಬೀಳದ ಮಣ್ಣಿನ ಅಥವಾ ಕಲ್ಲಿನ ಬಟ್ಟಲಿನಲ್ಲಿ ಇಟ್ಟರೆ ನೀರು ತಣ್ಣಗಿರುತ್ತದೆ, ಮೊಲ ಹೆಚ್ಚು ಕುಡಿಯುತ್ತದೆ.

ನೊಣದ ಅಪಾಯ

ಈ ಕಾಯಿಲೆಗಳಲ್ಲಿ ಅತ್ಯಂತ ಭಯಾನಕವಾದದ್ದು ನೊಣದಿಂದ ಬರುವ ಆಪತ್ತು. ಮೂತ್ರ, ಹಿಕ್ಕೆ ಅಂಟಿದ ರೋಮದಲ್ಲಿ ನೊಣಗಳು ಮೊಟ್ಟೆಯಿಡುತ್ತವೆ. ಬಿಸಿಲಿನ ದಿನಗಳಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಮೊಟ್ಟೆಯೊಡೆದ ಹುಳುಗಳು ಜೀವಂತ ಚರ್ಮವನ್ನೇ ಕೊರೆಯತೊಡಗುತ್ತವೆ. ಮೊಲ ಮಂಕಾಗಿ ಕುಳಿತಿದೆಯೆಂದು ಎತ್ತಿ ನೋಡುವಷ್ಟರಲ್ಲಿ ಕೈಮೀರಿರುತ್ತದೆ. ಆದುದರಿಂದ ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಬೆಳಿಗ್ಗೆ ಮತ್ತು ಸಂಜೆ ಬಾಲದ ಕೆಳಗೆ ನೋಡುವುದು ಕಡ್ಡಾಯ. ಒಂದೇ ಒಂದು ಹುಳು ಕಂಡರೂ ಅದು ತುರ್ತುಸ್ಥಿತಿ. ಕಾಣುವ ಹುಳುಗಳನ್ನು ಚಿಮಟಿಗೆಯಿಂದ ತೆಗೆಯುತ್ತಲೇ ವೈದ್ಯರಲ್ಲಿಗೆ ಹೊರಡಬೇಕು, ನಾಳೆಗೆ ಬಿಡುವಂತಿಲ್ಲ.

ಬೊಜ್ಜಿನ ಮೊಲದಲ್ಲಿ ಇನ್ನೊಂದು ತೊಡಕೂ ಇದೆ. ಮೊಲ ರಾತ್ರಿಯ ವೇಳೆ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ಗುದದ್ವಾರದಿಂದಲೇ ನೇರವಾಗಿ ತಿನ್ನುತ್ತದೆ. ಇದು ಅಸಹ್ಯವಲ್ಲ, ಅದರ ಜೀರ್ಣಕ್ರಿಯೆಯ ಅಂಗ. ಮೈ ದಪ್ಪವಾಗಿ ಬಾಗಲಾರದೆ ಹೋದಾಗ ಆ ಹಿಕ್ಕೆ ಬಾಲಕ್ಕೆ ಮೆತ್ತಿಕೊಂಡು ನೊಣಗಳನ್ನು ಆಕರ್ಷಿಸುತ್ತದೆ. ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಮಕ್ಕಳಿಗೆ ವಹಿಸಬಹುದಾದ ಒಳ್ಳೆಯ ಕೆಲಸ.

ಮಾಡಬಾರದ ಕೆಲವು ಕೆಲಸಗಳು

ಮನೆಮದ್ದಿನ ಮೇಲೆ ನಮ್ಮವರಿಗಿರುವ ವಿಶ್ವಾಸ ಸಹಜವಾದುದೇ. ಆದರೆ ಮನುಷ್ಯರಿಗೆ, ದನಕರುಗಳಿಗೆ ಹಿತವಾದುದೆಲ್ಲ ಮೊಲಕ್ಕೆ ಹಿತವಲ್ಲ. ಹರಳೆಣ್ಣೆ, ಹೊಂಗೆಎಣ್ಣೆ, ಅರಿಸಿನ ಕಲಸಿದ ಕೊಬ್ಬರಿಎಣ್ಣೆಗಳನ್ನು ಹಚ್ಚಿದರೆ ರೋಮ ಜಿಡ್ಡಾಗಿ ಗಾಳಿಯಾಡದೆ ಒದ್ದೆ ಒಳಗೇ ನಿಲ್ಲುತ್ತದೆ. ಮೊಲ ಅದನ್ನು ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಡೆಟಾಲ್ ಕೂಡ ಬೇಡ. ಸ್ಟೀರಾಯ್ಡ್ ಬೆರೆತ ಚರ್ಮದ ಮುಲಾಮುಗಳು ಹುಣ್ಣು ಮಾಯದಂತೆ ಮಾಡುತ್ತವೆ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಜೀವನಿರೋಧಕ ಔಷಧಗಳ ವಿಷಯದಲ್ಲಿ ಬೇಕು. ಮಗುವಿಗೆ ತಂದು ಉಳಿದ ಅಮಾಕ್ಸಿಸಿಲಿನ್, ಆಂಪಿಸಿಲಿನ್ ದ್ರವವನ್ನು ಮೊಲದ ಬಾಯಿಗೆ ಹಾಕಬಾರದು. ಇವೂ, ಕ್ಲಿಂಡಾಮೈಸಿನ್, ಲಿಂಕೋಮೈಸಿನ್‌ಗಳೂ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ನಾಶಮಾಡಿ, ಮಾರಕ ಭೇದಿಯನ್ನುಂಟುಮಾಡುತ್ತವೆ. ಕಾಲಿನ ಹುಣ್ಣಿನಿಂದ ಬದುಕುಳಿಯಬಹುದಾದ ಮೊಲ ಔಷಧದಿಂದಲೇ ಸತ್ತೀತು. ನಾಯಿಯ ಉಣ್ಣೆ, ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ನೋವು ನಿವಾರಕ ಬೇಕಾದರೆ ಮೊಲಕ್ಕೆ ಹೊಂದುವ ಔಷಧವನ್ನೂ ಪ್ರಮಾಣವನ್ನೂ ವೈದ್ಯರೇ ನಿರ್ಧರಿಸಬೇಕು.

ವೈದ್ಯರ ಬಳಿಗೆ

ಕೀವು, ಊತ, ಹುಳು, ಹಿಂಗಾಲುಗಳ ಬಲಹೀನತೆ, ಮೂತ್ರ ಕಟ್ಟುವಿಕೆ, ಇವು ಕಂಡರೆ ವಿಳಂಬ ಸಲ್ಲದು. ಹನ್ನೆರಡು ಗಂಟೆ ಏನನ್ನೂ ತಿನ್ನದ ಮೊಲವೂ ತುರ್ತು ರೋಗಿಯೇ. ನೋವಿನಿಂದ ಊಟ ಬಿಟ್ಟರೆ ಅದರ ಕರುಳು ಸ್ತಬ್ಧವಾಗುತ್ತದೆ. ಮೊದಲು ಸಮೀಪದ ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ಹೆಚ್ಚಿನ ಪರೀಕ್ಷೆ, ಎಕ್ಸ್‌ರೇ ಬೇಕೆಂದು ವೈದ್ಯರು ಸೂಚಿಸಿದರೆ, 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ. ಬಸ್ಸಿನಲ್ಲಿ ಒಯ್ಯುವುದಾದರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಬೆಳಗಿನ ತಂಪಿನಲ್ಲಿಯೇ ಹೊರಡಬೇಕು. ಮೊಲಕ್ಕೆ ಬೆವರುವ ಶಕ್ತಿಯಿಲ್ಲ. ಬೇಸಗೆಯ ಮಧ್ಯಾಹ್ನದ ಪ್ರಯಾಣವೇ ಅದನ್ನು ಕೊಲ್ಲಬಲ್ಲದು. ಅದು ಏನು ತಿನ್ನುತ್ತದೆ, ಯಾವ ನೆಲದ ಮೇಲಿದೆ, ಮೂತ್ರ ಹೇಗಿದೆ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ.

ನಮ್ಮ ಹೊಣೆ

1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ, ಪ್ರಾಣಿಯ ಸಹಜ ಚಲನೆಗೆ ಸಾಲದಷ್ಟು ಕಿರಿದಾದ ಪಂಜರದಲ್ಲಿ ಅದನ್ನು ಕೂಡಿಡುವುದನ್ನು ಅಪರಾಧವೆಂದೇ ಎಣಿಸಿದೆ. ಕಾಯಿದೆಯ ಮಾತು ಹಾಗಿರಲಿ. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಮೊಲವನ್ನು ಹೊರಗೆ ಬಿಡುವುದು ಯಾವ ಮನೆಗೂ ಅಸಾಧ್ಯವಲ್ಲ. ಹಿತ್ತಿಲಲ್ಲಿ ನಾಯಿ, ಬೆಕ್ಕು ಬಾರದಂತೆ ಬೇಲಿ ಕಟ್ಟಿದ ಒಂದು ತುಂಡು ಮಣ್ಣಿನ ನೆಲವಿದ್ದರೆ ಸಾಕು. ಹಿತ್ತಿಲಿಲ್ಲದವರು ಕೋಣೆಯ ನುಣುಪು ನೆಲದ ಮೇಲೆ ಚಾಪೆ, ಜಮಖಾನ ಹಾಸಿ ಆಡಬಿಡಬಹುದು. ನಮ್ಮ ಹಿರಿಯರ ಮನೆಗಳ ಸಾರಿಸಿದ ಮಣ್ಣಿನ ನೆಲ ಮೊಲದ ಕಾಲಿಗೆ ಒಗ್ಗುವಂಥದಾಗಿತ್ತು. ಇಂದಿನ ಟೈಲ್ಸ್ ನೆಲ ನಮಗೆ ಅನುಕೂಲ, ಅದಕ್ಕೆ ಸಂಕಟ. ಈ ವ್ಯತ್ಯಾಸವನ್ನು ಒಂದು ಚಾಪೆಯಿಂದ ನೀಗಿಸಬಹುದಾದರೆ ಏಕೆ ಹಿಂಜರಿಯಬೇಕು?

ಮೊಲ ದೂರು ಹೇಳುವುದಿಲ್ಲ. ಹಸು ಅಂಬಾ ಎನ್ನುತ್ತದೆ, ನಾಯಿ ಕುಂಯ್‌ಗುಡುತ್ತದೆ. ಮೊಲ ಮಾತ್ರ ಹುಣ್ಣಾದ ಕಾಲಿನ ಮೇಲೆಯೇ ಕುಳಿತು, ಕೊಟ್ಟ ಸೊಪ್ಪನ್ನು ಮೌನವಾಗಿ ಮೆಲ್ಲುತ್ತದೆ. ಆ ಮೌನವನ್ನು ಸುಖವೆಂದು ನಾವು ತಪ್ಪು ತಿಳಿಯಬಾರದು. ಮೊಲ ಸಾಕಿರುವ ಮನೆಯ ತಾಯಂದಿರು, ಮಕ್ಕಳು ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೇ ಒಮ್ಮೆ ಅದರ ಪಾದವನ್ನು ಎತ್ತಿ ನೋಡಲಿ. ಪಂಜರದ ತಳಕ್ಕೆ ಅಂಗೈಯೊತ್ತಿ ಒಣಗಿದೆಯೇ, ಮೆತ್ತಗಿದೆಯೇ ಎಂದು ಪರೀಕ್ಷಿಸಲಿ. ನಮ್ಮ ಅಂಗೈಗೆ ಒತ್ತುವ ನೆಲ ಅದರ ಅಂಗಾಲಿಗೂ ಒತ್ತುತ್ತದೆ. ಒಂದು ಹಿಡಿ ಒಣಹುಲ್ಲು, ದಿನಕ್ಕೆ ಎರಡು ನಿಮಿಷದ ಗಮನ, ಇವಿಷ್ಟು ದೊರೆತರೆ ಬಹುಪಾಲು ಮೊಲಗಳಿಗೆ ಈ ಕಾಯಿಲೆಗಳು ಬರುವುದೇ ಇಲ್ಲ.